ಓದುಗರ ಪ್ರಶ್ನೆ: ಎಲ್ವಿಸ್ ರೆಕಾರ್ಡಿನ ಎರಡು ಮಗ್ಗಲು

ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿ 1954–55ರಲ್ಲಿ ಮೆಂಫಿಸ್ ಊರಿನ ಸನ್ ಕಂಪನಿಗೆ ಹಾಡಿದ ಐದು ರೆಕಾರ್ಡುಗಳ ಪಟ್ಟಿಯನ್ನು ಕಳೆದ ಸಂಚಿಕೆಯಲ್ಲಿ ಕೊಟ್ಟಿದ್ದೆವು. ಪ್ರತಿ ರೆಕಾರ್ಡಿನ ಒಂದು ಮಗ್ಗಲಿಗೆ ರಿದಂ ಅಂಡ್ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ), ಇನ್ನೊಂದಕ್ಕೆ ಕಂಟ್ರಿ (ಅಲ್ಲಿನ ಬಿಳಿಯ ಹಳ್ಳಿಗರ ಸಂಗೀತ) ಎಂದು ಬರೆದಿದ್ದೆವು. ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ನಮ್ಮದೊಂದು ತಪ್ಪಿನ ತಿದ್ದುಪಡಿಯೂ ಇದೆ.

ಎರಡೂ ಮಗ್ಗಲು ಹತ್ತು ಸಲ ಕೇಳೀನ್ರೀ. ಅದೇ ಗಿಟಾರ್, ಅದೇ ದನಿ, ಅದೇ ಮೂರು ಕಾರ್ಡ್. ಇದು ಬ್ಲೂಸ್, ಇದು ಕಂಟ್ರಿ ಅಂತ ಕಿವಿಲೆ ಹ್ಯಾಂಗ ಗುರ್ತ ಹಿಡೀಬೇಕು? ನನಗ ಹಾರ್ಮೋನಿಯಂ ಬರ್ತದ, ಇಂಗ್ಲಿಷ್ ನೊಟೇಶನ್ ಬರಂಗಿಲ್ಲ.
ಸಂಗೀತ ಶಿಕ್ಷಕಿ, ಬ್ರಹ್ಮಪುರ, ಕಲಬುರಗಿ

ಹಾರ್ಮೋನಿಯಂ ಬರುತ್ತದೆ ಅಂದರೆ ಅರ್ಧ ಕೆಲಸ ಆದಂತೆಯೇ. ಬಿಳಿ ಆರನ್ನು ಷಡ್ಜ ಮಾಡಿಕೊಳ್ಳಿ. ಮೊದಲ ರೆಕಾರ್ಡಿನ 'ದಟ್ಸ್ ಆಲ್ ರೈಟ್' ಆ ಶ್ರುತಿಯಲ್ಲೇ ಇದೆ. ಟೇಪಿನ ವೇಗದಿಂದಾಗಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕೇಳಿದರೆ ಹಾರ್ಮೋನಿಯಂ ಕೆಟ್ಟಿದೆ ಎಂದುಕೊಳ್ಳಬೇಡಿ. ಕಾರ್ಡ್ ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು. ಮೂರು ಕಾರ್ಡ್ ಎಂದರೆ ಸ-ಗ-ಪ, ಮ-ಧ-ಸ, ಪ-ನಿ-ರೆ. ಎಲ್ಲವೂ ಶುದ್ಧ ಸ್ವರ. ಕಂಟ್ರಿ ಹಾಡು ಬಹುಮಟ್ಟಿಗೆ ಇಷ್ಟರಲ್ಲೇ ಮುಗಿಯುತ್ತದೆ, ಬಿಲಾವಲ್ ಥಾಟಿನ ಹೊಸ್ತಿಲು ದಾಟುವುದು ಅಪರೂಪ.

ಬ್ಲೂಸಿಗೆ ಬಂದರೆ ಒಂದೊಂದು ಕಾರ್ಡಿಗೂ ಇನ್ನೊಂದು ಸ್ವರ ಕೂಡಿಕೊಳ್ಳುತ್ತದೆ. ಮೊದಲನೆಯದಕ್ಕೆ ಕೋಮಲ ನಿ, ಎರಡನೆಯದಕ್ಕೆ ಕೋಮಲ ಗ, ಮೂರನೆಯದಕ್ಕೆ ಮ. ಈಗ ಸ-ಗ-ಪ ಒತ್ತಿ, ಅಲ್ಲಿಂದ ಮ-ಧ-ಸ ಜೊತೆ ಕೋಮಲ ಗ ಒತ್ತಿ. ಒಂದು ಕ್ಷಣದ ಹಿಂದೆ ಶುದ್ಧವಿದ್ದ ಗಾಂಧಾರ ಈಗ ಕೋಮಲ. ಬ್ಲೂಸಿನ ಜೀವ ಇರುವುದು ಈ ಎರಡು ಗಾಂಧಾರಗಳ ಜಗ್ಗಾಟದಲ್ಲಿ. ಹಾಡುವವನು ಎರಡರಲ್ಲಿ ಒಂದನ್ನು ಹಿಡಿದು ಕೂರುವುದಿಲ್ಲ, ಕೋಮಲದಿಂದ ಶುದ್ಧದ ಕಡೆಗೆ ಮೀಂಡಿನಲ್ಲಿ ಜಾರುತ್ತ ನಡುವೆಯೇ ಎಲ್ಲೋ ನಿಲ್ಲುತ್ತಾನೆ. ಆ ನಡುವಿನ ಜಾಗ ಹಾರ್ಮೋನಿಯಂನಲ್ಲಿ ಇಲ್ಲ. ಹಾಗಾಗಿ ಕಾರ್ಡನ್ನು ಹಾರ್ಮೋನಿಯಂ ಕೊಡಲಿ, ಗಾಂಧಾರ ಗಂಟಲಿನಿಂದ ಬರಲಿ.

ಎರಡನೆಯ ಗುರುತು ಲೆಕ್ಕದ್ದು. ಬ್ಲೂಸಿನ ಸಾಮಾನ್ಯ ಚೌಕಟ್ಟು 12 ಬಾರ್, ಬಾರಿಗೆ ನಾಲ್ಕು ಮಾತ್ರೆಯಂತೆ 48 ಮಾತ್ರೆ. ಹಂಚಿಕೆ ಹೀಗೆ: ಮೊದಲ ಕಾರ್ಡಿಗೆ 16, ಎರಡನೆಯದಕ್ಕೆ 8, ಮತ್ತೆ ಮೊದಲನೆಯದಕ್ಕೆ 8, ಮೂರನೆಯದಕ್ಕೆ 4, ಎರಡನೆಯದಕ್ಕೆ 4, ಕಡೆಗೆ ಮೊದಲನೆಯದಕ್ಕೆ 8. ಎಣಿಸಿ ಕಲಿಯಲು ಎಲ್ವಿಸ್‌ನ 'ಹೌಂಡ್ ಡಾಗ್' ಒಳ್ಳೆಯದು. 'ದಟ್ಸ್ ಆಲ್ ರೈಟ್' ಬೇಡ. ಅದರಲ್ಲಿ ಮೂರು ಕಾರ್ಡುಗಳು ಸರದಿಯಂತೆ ಬಂದರೂ ಲೆಕ್ಕ ಹನ್ನೆರಡಕ್ಕೆ ಸರಿಯಾಗಿ ಕೂಡುವುದಿಲ್ಲ. ಕಂಟ್ರಿ ಹಾಡು ಹೆಚ್ಚಾಗಿ 8, 16, 32 ಬಾರಿನ ಜೋಡಿ ಲೆಕ್ಕದಲ್ಲಿ ನಡೆಯುತ್ತದೆ.

ಮೂರನೆಯದು ತಾಳ. ಮೊದಲ ರೆಕಾರ್ಡಿನ ಕಂಟ್ರಿ ಮಗ್ಗಲು 'ಬ್ಲೂ ಮೂನ್ ಆಫ್ ಕೆಂಟಕಿ'. ಕಂಟ್ರಿ ಗಾಯಕ ಬಿಲ್ ಮನ್ರೋ ಇದನ್ನು 1946ರಲ್ಲಿ ಹಾಡಿದ್ದು ಮೂರರ ನಡೆಯಲ್ಲಿ. ನಮ್ಮ ದಾದ್ರಾ ಹಾಕಿದರೆ ಹಾಗೇ ಕೂರುತ್ತದೆ. 1954ರ ಜುಲೈನಲ್ಲಿ ಎಲ್ವಿಸ್ ಅದನ್ನೇ ನಾಲ್ಕರ ನಡೆಗೆ ತಂದ. ಮೂರರ ಪ್ರತಿ ಬಾರಿಗೂ ಒಂದು ಮಾತ್ರೆ ಕೂಡಿತು, ಮಾತು ಮೊದಲಿನಷ್ಟೇ ಉಳಿಯಿತು. ಹೀಗೆ ಮಿಕ್ಕ ಜಾಗದಲ್ಲಿ ಆತ ದನಿಯನ್ನು ತಡೆದು, ತುಂಡರಿಸಿ, ಸ್ವಲ್ಪ ತಡವಾಗಿ ಬಂದು ಆಟವಾಡುತ್ತಾನೆ. ಅದು ಬ್ಲೂಸ್ ಹಾಡುವವರ ಚಾಳಿ. ಮನ್ರೋ ಬೇಸರ ಮಾಡಿಕೊಳ್ಳಲಿಲ್ಲ. ಅದೇ ವರ್ಷ ತಾನೂ ಈ ಹಾಡನ್ನು ಮತ್ತೆ ರೆಕಾರ್ಡ್ ಮಾಡಿ, ಮೂರರಲ್ಲಿ ಶುರು ಮಾಡಿ ನಡುವೆ ನಾಲ್ಕಕ್ಕೆ ಹೊರಳಿದ.

ಇನ್ನೊಂದು ಮಗ್ಗಲಲ್ಲಿ ಇದರ ತಿರುವುಮುರುವು. 'ದಟ್ಸ್ ಆಲ್ ರೈಟ್' ಕಪ್ಪು ಗಾಯಕ ಆರ್ಥರ್ ಕ್ರೂಡಪ್ 1946ರಲ್ಲಿ ಡ್ರಮ್ಸ್ ಸಮೇತ ಹಾಡಿದ ಬ್ಲೂಸ್. ಎಲ್ವಿಸ್‌ನಲ್ಲಿ ಡ್ರಮ್ಸೇ ಇಲ್ಲ. ಆತನ ಕೈಯಲ್ಲಿ ಸಾದಾ ಗಿಟಾರ್, ಸ್ಕಾಟಿ ಮೂರ್ ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್, ಬಿಲ್ ಬ್ಲ್ಯಾಕ್ ಕೈಯಲ್ಲಿ ಆಳೆತ್ತರದ ಬೇಸ್. ಬೇಸಿನ ತಂತಿಯನ್ನು ಎಳೆದು ಬಿಟ್ಟಾಗ ಅದು ಕಟ್ಟಿಗೆಗೆ ಬಡಿದು 'ಟಪ್' ಅನ್ನುತ್ತದಲ್ಲ, ಡ್ರಮ್ಸಿನ ಕೆಲಸ ಮಾಡುವುದು ಅದೇ. ಮೂರ್ ಹೆಬ್ಬೆರಳಲ್ಲಿ ಕೆಳಸ್ವರ, ಉಳಿದ ಬೆರಳಲ್ಲಿ ಮೇಲುಸ್ವರ ನುಡಿಸುವ ರೀತಿ ಕಂಟ್ರಿಯ ಮರ್ಲ್ ಟ್ರ್ಯಾವಿಸ್, ಚೆಟ್ ಅಟ್ಕಿನ್ಸ್ ಅವರಿಂದ ಬಂದದ್ದು. ಹೀಗೆ ಬ್ಲೂಸ್ ಹಾಡಿಗೆ ಕಂಟ್ರಿಯ ಕೈ, ಕಂಟ್ರಿ ಹಾಡಿಗೆ ಬ್ಲೂಸಿನ ಗಂಟಲು. ನಿಮ್ಮ ಕಿವಿಗೆ ಎರಡೂ ಒಂದೇ ಅನ್ನಿಸಿದ್ದರೆ ಕಿವಿ ಸರಿಯಾಗಿಯೇ ಇದೆ. ಮಗ್ಗಲಿನ ಹೆಸರು ಹೇಳುವುದು ಹಾಡು ಯಾವ ಮನೆಯಿಂದ ಬಂತು ಎಂಬುದನ್ನಷ್ಟೇ. ಕಡಕೋಳ ಮಡಿವಾಳಪ್ಪನ ಪದವನ್ನು ಏಕತಾರಿ ಹಿಡಿದು ಒಬ್ಬರೇ ಹಾಡುವುದಕ್ಕೂ ಭಜನಾ ಮೇಳದಲ್ಲಿ ತಬಲಾ, ತಾಳ ಕೂಡಿಸಿ ಹಾಡುವುದಕ್ಕೂ ಎಷ್ಟು ಅಂತರವಿದೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ.

ಎರಡನೇ ರೆಕಾರ್ಡಿನ 'ಐ ಡೋಂಟ್ ಕೇರ್ ಇಫ್ ದ ಸನ್ ಡೋಂಟ್ ಶೈನ್' ಕಂಟ್ರಿ ಅಂತ ಬರದೀರಿ. ಅದು ಕಂಟ್ರಿ ಹ್ಯಾಂಗಾಗ್ತದ?
ಓದುಗ, ಆಳಂದ

ಆಗುವುದಿಲ್ಲ. ತಪ್ಪು ನಮ್ಮದು. ಅದು ಮ್ಯಾಕ್ ಡೇವಿಡ್ ಬರೆದ ಪಾಪ್ ಹಾಡು, 1950ರಲ್ಲಿ ಪ್ಯಾಟಿ ಪೇಜ್ ಹಾಡಿದ್ದರು. ಎದುರು ಮಗ್ಗಲಿನ 'ಗುಡ್ ರಾಕಿನ್ ಟುನೈಟ್' ಮಾತ್ರ ಅಪ್ಪಟ ರಿದಂ ಅಂಡ್ ಬ್ಲೂಸ್: 1947ರಲ್ಲಿ ರಾಯ್ ಬ್ರೌನ್, ಮರುವರ್ಷ ವೈನೋನಿ ಹ್ಯಾರಿಸ್. ಹಾಗೆ ನೋಡಿದರೆ ಮೂರನೆಯ ರೆಕಾರ್ಡಿನ 'ಮಿಲ್ಕ್‌ಕೌ ಬ್ಲೂಸ್ ಬೂಗಿ'ಯನ್ನೂ ನೇರ ಬ್ಲೂಸ್ ಎನ್ನುವುದು ಕಷ್ಟ. ಕೊಕೊಮೊ ಆರ್ನಲ್ಡ್ 1934ರಲ್ಲಿ ಹಾಡಿದ್ದನ್ನು ನಲವತ್ತರ ದಶಕದಲ್ಲಿ ಬಾಬ್ ವಿಲ್ಸ್ ಥರದ ಪಶ್ಚಿಮದ ಕಂಟ್ರಿ ತಂಡಗಳು ಎತ್ತಿಕೊಂಡಿದ್ದವು. ಎಲ್ವಿಸ್‌ಗೆ ಸಿಗುವ ಹೊತ್ತಿಗೆ ಅದು ಎರಡು ಮನೆಯ ಅನ್ನ ಉಂಡಿತ್ತು.

ಕಾಲೇಜ್ ಗ್ಯಾದರಿಂಗ್‌ನಾಗ 'ದಟ್ಸ್ ಆಲ್ ರೈಟ್', 'ಬ್ಲೂ ಮೂನ್ ಆಫ್ ಕೆಂಟಕಿ' ಎರಡೂ ಹಾಡಬೇಕಂತ ಮಾಡೀವಿ. ಒಂದು ಅಕೌಸ್ಟಿಕ್ ಗಿಟಾರ್, ಒಂದು ಢೋಲಕ್, ಒಂದು ಬಾಡಿಗಿ ಮೈಕ್ ಸೆಟ್. ಎಷ್ಟು ಪ್ರಾಕ್ಟೀಸ್ ಮಾಡಿದ್ರೂ ಭಜನಿ ಆಗ್ಲಿಕ್ಕತ್ತದ.
ಎಂಜಿನಿಯರಿಂಗ್ ವಿದ್ಯಾರ್ಥಿ, ಬೀದರ

ಭಜನೆ ಆಗುವುದು ಢೋಲಕ್ಕಿನಿಂದ. ಕೆಹರ್ವಾದ ಎಂಟು ಮಾತ್ರೆಯಲ್ಲಿ ನಿಮ್ಮ ಢೋಲಕ್ಕಿನವರು ರೂಢಿಯಂತೆ ಸಮ್ಮಿನ ಮೇಲೆ ಭಾರ ಹಾಕುತ್ತಿದ್ದಾರೆ. ಈ ಹಾಡುಗಳಲ್ಲಿ ಭಾರ ಬೀಳುವುದು ಬಾರಿನ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ. ಕೆಹರ್ವಾದ ಲೆಕ್ಕದಲ್ಲಿ ಅದು 3 ಮತ್ತು 7ನೆಯ ಮಾತ್ರೆ. ಒಂದು ವಾರ ಢೋಲಕ್ ಬದಿಗಿಟ್ಟು ಎಲ್ಲರೂ ಬಾಯಲ್ಲಿ ಒಂದರಿಂದ ಎಂಟು ಎಣಿಸುತ್ತ 3 ಮತ್ತು 7ಕ್ಕೆ ಮಾತ್ರ ಚಪ್ಪಾಳೆ ಹಾಕಿ. ಅದು ಕೂತ ಮೇಲೆ ಢೋಲಕ್ ಎತ್ತಿಕೊಳ್ಳಿ: ದಪ್ಪ ಮಗ್ಗಲು 1 ಮತ್ತು 5ಕ್ಕೆ ಮೆತ್ತಗೆ, ತೆಳು ಮಗ್ಗಲು 3 ಮತ್ತು 7ಕ್ಕೆ ಬಿಗಿಯಾಗಿ, ಕೈ ಒತ್ತಿ ಹಿಡಿದು, ಗುಂಯ್ ಅನ್ನದ ಹಾಗೆ. ಘಸೀಟು, ತಿಹಾಯಿ, ಲಗ್ಗಿಯಂಥ ಅಲಂಕಾರ ಯಾವುದೂ ಬೇಡ. ಒಳ್ಳೆಯ ಢೋಲಕ್ಕಿನವರಿಗೆ ಸುಮ್ಮನಿರುವುದೇ ಇಲ್ಲಿ ದೊಡ್ಡ ಕಷ್ಟ.

ಗಿಟಾರಿಗೆ ಎ, ಡಿ, ಇ ಮೂರೇ ಕಾರ್ಡ್ ಸಾಕು. ಕಂಟ್ರಿ ಕೈಗೆ ಹೆಬ್ಬೆರಳು ಒಂದು ಪೆಟ್ಟಿಗೆ ಕೆಳತಂತಿ ಮೀಟಬೇಕು, ಮುಂದಿನ ಪೆಟ್ಟಿಗೆ ಉಳಿದ ಬೆರಳು ಮೇಲಿನ ಮೂರು ತಂತಿ ಸವರಬೇಕು. ಕೆಳತಂತಿ ಪ್ರತಿ ಸಲವೂ ಒಂದೇ ಆಗಬಾರದು. ಎ ಹಿಡಿದಾಗ ಐದನೆಯ ತಂತಿ, ನಂತರ ನಾಲ್ಕನೆಯದು. ಡಿ ಹಿಡಿದಾಗ ನಾಲ್ಕು, ಐದು. ಇ ಹಿಡಿದಾಗ ಆರು, ಐದು. ಸ-ಪ, ಸ-ಪ ಎಂದು ಬೇಸ್ ನಡೆದ ಹಾಗೆ ಕೇಳುತ್ತದೆ.

ಬ್ಲೂಸ್ ಕೈಗೆ ಪೂರ್ತಿ ಕಾರ್ಡ್ ಬಿಟ್ಟುಬಿಡಿ. ಎ ಜಾಗದಲ್ಲಿ ಖಾಲಿ ಐದನೆಯ ತಂತಿ ಜೊತೆ ನಾಲ್ಕನೆಯ ತಂತಿಯ 2ನೇ ಫ್ರೆಟ್ ಎರಡು ಸಲ, ಅಲ್ಲಿಂದ 4ನೇ ಫ್ರೆಟ್ ಎರಡು ಸಲ. ಡಿಗೆ ಇದೇ ಕೆಲಸ ನಾಲ್ಕು ಮತ್ತು ಮೂರನೆಯ ತಂತಿಯ ಮೇಲೆ, ಇಗೆ ಆರು ಮತ್ತು ಐದರ ಮೇಲೆ. ಬಲ ಅಂಗೈಯ ಅಂಚು ಬ್ರಿಜ್ ಹತ್ತಿರ ತಂತಿಯ ಮೇಲೆ ಹಗುರವಾಗಿ ಕೂತಿರಲಿ. ಪೆಟ್ಟನ್ನು ಎರಡಾಗಿ ಸಮ ಒಡೆಯಬೇಡಿ, ಮೂರು ಭಾಗ ಮಾಡಿ ಮೊದಲನೆಯದು ಮತ್ತು ಮೂರನೆಯದನ್ನು ನುಡಿಸಿ. ಸಮ ಒಡೆದರೆ ಕವಾಯತಿನ ಹಾಗೆ ಕೇಳುತ್ತದೆ. ಮೆಟ್ರೊನೋಮ್ 100ಕ್ಕೆ ಇಟ್ಟು ಶುರು ಮಾಡಿ ಹತ್ತು ಹತ್ತು ಏರಿಸಿ. 'ದಟ್ಸ್ ಆಲ್ ರೈಟ್' ಹಾಡಿನಲ್ಲಿ ಎಲ್ವಿಸ್ ಈ ಬ್ಲೂಸ್ ಕೈ ಬಳಸಿಲ್ಲ ನೋಡಿ, ಅದು ಹಗುರವಾದ ಕಂಟ್ರಿ ಕೈಯೇ. ಆದರೂ ಕಲಿತಿಟ್ಟುಕೊಳ್ಳಿ. ಏನನ್ನು ಬಿಟ್ಟಿದ್ದಾನೆ ಅನ್ನುವುದು ಗೊತ್ತಾಗದೆ ಆ ಹಗುರು ಕೈಗೆ ಬರುವುದಿಲ್ಲ.

ಇನ್ನು ಮೈಕು. ಬಾಡಿಗೆ ಸೆಟ್ಟಿನವರು ಕೇಳದೆಯೇ ಎಕೋ ಏರಿಸಿ ಇಡುತ್ತಾರೆ, ಜಾತ್ರೆಯ ಅನೌನ್ಸ್‌ಮೆಂಟಿಗೆ ಅದು ಸರಿ. ಸನ್ ಸ್ಟುಡಿಯೋದ ಪ್ರತಿಧ್ವನಿ ಬೇರೆ. ಅದರ ಮಾಲೀಕ ಸ್ಯಾಮ್ ಫಿಲಿಪ್ಸ್ ದನಿಯನ್ನು ಎರಡನೆಯ ಟೇಪ್ ಯಂತ್ರಕ್ಕೆ ಕಳಿಸುತ್ತಿದ್ದರು. ಬರೆಯುವ ಹೆಡ್ಡಿನಿಂದ ಓದುವ ಹೆಡ್ಡಿಗೆ ಟೇಪ್ ಹೋಗುವಷ್ಟು ಹೊತ್ತು ತಡವಾಗಿ ಅದು ಮರಳಿ ಬರುತ್ತಿತ್ತು. ಸೆಕೆಂಡಿಗೆ 15 ಇಂಚು ಓಡುವ ಟೇಪು ಸುಮಾರು 2 ಇಂಚಿನ ಅಂತರ ದಾಟಲು 130 ಮಿಲಿಸೆಕೆಂಡ್ ಚಿಲ್ಲರೆ ಬೇಕು. ಮಿಕ್ಸರಿನಲ್ಲಿ ಡಿಲೇ ತೆಗೆದುಕೊಂಡು ಟೈಮ್ 130ಕ್ಕೆ, ರಿಪೀಟ್ ಅಥವಾ ಫೀಡ್‌ಬ್ಯಾಕ್ ಸೊನ್ನೆಗೆ, ಲೆವೆಲ್ ಕಾಲು ಭಾಗಕ್ಕೆ ಇಡಿಸಿ. ಅಂಕಿ ಇಲ್ಲದ ಹಳೆಯ ಮಿಕ್ಸರಾದರೆ ಮೈಕಿನಲ್ಲಿ 'ಟಕ್' ಅನ್ನಿ. 'ಟಕ್-ಟಕ್' ಎಂದು ಎರಡೇ ಕೇಳಬೇಕು. ಮೂರನೆಯದು ಕೇಳಿದರೆ ರಿಪೀಟ್ ಇಳಿಸಿ. ರಿವರ್ಬ್ ಪೂರ್ತಿ ಬಂದ್.

'ಮಿಸ್ಟರಿ ಟ್ರೇನ್' ಎಣಿಸಿದ್ರ 12 ಬಾರ್ ಬರವಲ್ದು. ನಾ ತಪ್ಪೋ, ಹಾಡು ತಪ್ಪೋ?
ಗಿಟಾರ್ ಕಲಿಯುವವ, ಸುರಪುರ, ಯಾದಗಿರಿ ಜಿಲ್ಲೆ

ಇಬ್ಬರೂ ತಪ್ಪಿಲ್ಲ. ಈ ಹಾಡು ಶುರುವಾಗುವುದೇ ಎರಡನೆಯ ಕಾರ್ಡಿನಿಂದ. ಶ್ರುತಿ ಇ ಆದ್ದರಿಂದ ಮೊದಲ ಸಾಲು ಎ ಮೇಲೆ ಎದ್ದು ಇ ಮೇಲೆ ಇಳಿಯುತ್ತದೆ. ನೀವು ಮೊದಲ ಕಾರ್ಡಿನಿಂದ ಎಣಿಕೆ ಶುರು ಮಾಡಿದ್ದರೆ ಅಲ್ಲೇ ದಾರಿ ತಪ್ಪಿರುತ್ತದೆ. ಜೊತೆಗೆ ಸಾಲು ಮುಗಿದು ಇ ಮೇಲೆ ನಿಂತಾಗ ಎಲ್ವಿಸ್ ಪ್ರತಿ ಸಲವೂ ಅಳತೆಯಷ್ಟೇ ಕಾಯುವುದಿಲ್ಲ. ಬಾರ್ ಎಣಿಸುವುದನ್ನು ಬಿಟ್ಟು ಹಾಡಿನ ಸಾಲು ಬಾಯಿಪಾಠ ಮಾಡಿ, ಮಾತು ಎಲ್ಲಿ ಏಳುತ್ತದೋ ಅಲ್ಲಿ ಕಾರ್ಡ್ ಬದಲಿಸಿ.

ಮೂಲ ಹಾಡು ಜೂನಿಯರ್ ಪಾರ್ಕರ್ ಅವರದು, 1953ರಲ್ಲಿ ಅದೇ ಸನ್ ಕಂಪನಿಯಿಂದ ಬಂತು. ಅದು ನಿಧಾನಗತಿಯ ರೈಲು. ಎಲ್ವಿಸ್‌ನ 1955ರ ರೈಲಿಗೆ ಓಡಿಸುವ ಎಂಜಿನ್ ಸಿಕ್ಕಿದ್ದು ಪಾರ್ಕರ್ ರೆಕಾರ್ಡಿನ ಹಿಂಬದಿಯ 'ಲವ್ ಮೈ ಬೇಬಿ' ಹಾಡಿನಿಂದ. ಅಲ್ಲಿನ ಗಿಟಾರ್ ತುಣುಕನ್ನು ಮೂರ್ ಇಲ್ಲಿಗೆ ತಂದರು. ಎರಡನ್ನೂ ಕೇಳಿದ ಮೇಲೆ ಈ ಹಾಡು ಕೈಗೆ ಬೇಗ ಹತ್ತುತ್ತದೆ. ಐದು ರೆಕಾರ್ಡಿನಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾವು ಇಟ್ಟುಕೊಳ್ಳುವುದು ಇದನ್ನೇ. ಹಿಂಬದಿಯ 'ಐ ಫರ್ಗಾಟ್ ಟು ರಿಮೆಂಬರ್ ಟು ಫರ್ಗೆಟ್' ಕಂಟ್ರಿ ಹಾಡು, 1956ರಲ್ಲಿ ಅಮೆರಿಕದ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದಕ್ಕೆ ಡ್ರಮ್ಸ್ ಇದೆ. ಡ್ರಮ್ಸ್ ಕಂಟ್ರಿ ಮಗ್ಗಲಿಗೆ, ಬ್ಲೂಸ್ ಮಗ್ಗಲಿಗೆ ಇಲ್ಲ, ವಿಚಿತ್ರ ನೋಡಿ.

ಕಪ್ಪು ಜನರ ಹಾಡು ಕದ್ದು ಬಿಳಿಯ ಹುಡುಗ ದೊಡ್ಡವನಾದ ಎನ್ನುವ ಮಾತು ಎಷ್ಟು ನಿಜ?
ಉಪನ್ಯಾಸಕ, ಸೇಡಂ

ಹೆಸರು ಕದ್ದಿಲ್ಲ. 'ದಟ್ಸ್ ಆಲ್ ರೈಟ್' ರೆಕಾರ್ಡಿನ ಮೇಲೆ ಬರೆದವರ ಜಾಗದಲ್ಲಿ ಕ್ರೂಡಪ್ ಎಂದೇ ಇದೆ. ಆದರೆ ಹೆಸರಿಗೆ ತಕ್ಕ ದುಡ್ಡು ಕ್ರೂಡಪ್ ಅವರ ಕೈಗೆ ಬರಲಿಲ್ಲ. ಕೂಲಿ ಮಾಡಿ ಬದುಕಿದರು, ರಾಯಲ್ಟಿಗಾಗಿ ಹೋರಾಡುತ್ತಲೇ 1974ರಲ್ಲಿ ತೀರಿಕೊಂಡರು. ದುಡ್ಡು ತಿಂದಿದ್ದು ಹಾಡಿನ ಹಕ್ಕು ಯಾರ ಹೆಸರಿನಲ್ಲಿ ಬರೆಸಿದೆ ಎಂಬ ವ್ಯವಹಾರ.

'ಹೌಂಡ್ ಡಾಗ್' ಕಥೆ ಇಷ್ಟು ಸರಳವಲ್ಲ. ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ 1952ರಲ್ಲಿ ಹಾಡಿದರು, ಮರುವರ್ಷ ಅದು ಏಳು ವಾರ ರಿದಂ ಅಂಡ್ ಬ್ಲೂಸ್ ಪಟ್ಟಿಯ ತುದಿಯಲ್ಲಿತ್ತು. ಬರೆದವರು ಲೀಬರ್ ಮತ್ತು ಸ್ಟೋಲರ್ ಎಂಬ ಇಬ್ಬರು ಬಿಳಿಯ ಹುಡುಗರು. ಥಾರ್ನ್‌ಟನ್ ಹಾಡಿನಲ್ಲಿ 'ನಾಯಿ' ಎಂದರೆ ಹೆಂಗಸಿನ ಮನೆಯಲ್ಲಿ ಪುಕ್ಕಟೆ ಉಂಡು ಮಲಗುವ ಗಂಡಸು, ನಡೆ ನಿಧಾನ, ದನಿಯಲ್ಲಿ ಗದರಿಕೆ. ಎಲ್ವಿಸ್ ಹಾಡಿದ್ದು ಅದನ್ನಲ್ಲ. ಲಾಸ್ ವೇಗಸ್ಸಿನಲ್ಲಿ ಫ್ರೆಡ್ಡಿ ಬೆಲ್ ತಂಡ ಮಾತು ಬದಲಿಸಿ, ಮೊಲ ಹಿಡಿಯಲಾರದ ನಿಜವಾದ ನಾಯಿಯನ್ನಾಗಿ ಮಾಡಿಕೊಂಡಿದ್ದ ರೂಪವನ್ನು. 1956ರ ಜುಲೈ 2ರಂದು ನ್ಯೂಯಾರ್ಕಿನಲ್ಲಿ 31 ಸಲ ಹಾಡಿ ಪಕ್ಕಾ ಮಾಡಿದ. ವೇಗ ಬಂತು, ಮಾತಿನ ಹಲ್ಲು ಹೋಯಿತು. ಹಾಡಿಕೆಯಲ್ಲಿ ಥಾರ್ನ್‌ಟನ್ ಮೇಲು ಎನ್ನುವುದರಲ್ಲಿ ನಮಗೆ ಸಂಶಯವಿಲ್ಲ. ಎಲ್ವಿಸ್‌ನ ರೆಕಾರ್ಡು, ಹಿಂಬದಿಯ 'ಡೋಂಟ್ ಬಿ ಕ್ರೂಯಲ್' ಜೊತೆ, ಪಾಪ್, ಕಂಟ್ರಿ, ರಿದಂ ಅಂಡ್ ಬ್ಲೂಸ್ ಮೂರೂ ಪಟ್ಟಿಗಳಲ್ಲಿ ಮೊದಲನೆಯದಾಯಿತು.

ಅಂದಹಾಗೆ ಆ ಪಟ್ಟಿಗಳ ಹೆಸರುಗಳೇ ಹೊಸವು. ಆ ಪಟ್ಟಿ ಹಾಕುವ ಬಿಲ್‌ಬೋರ್ಡ್ ಪತ್ರಿಕೆ ಕಪ್ಪು ಜನರ ರೆಕಾರ್ಡುಗಳಿಗೆ ಇಟ್ಟಿದ್ದ 'ರೇಸ್ ರೆಕಾರ್ಡ್ಸ್' ಎಂಬ ಹೆಸರು ತೆಗೆದು 'ರಿದಂ ಅಂಡ್ ಬ್ಲೂಸ್' ಎಂದು ಬರೆದದ್ದು 1949ರಲ್ಲಿ. ಅಂಗಡಿಯವರು ಹಾಕಿದ ಬೇಲಿ ಅದು. ಜಿಮ್ಮಿ ರಾಜರ್ಸ್ ಎಂಬ ಕಂಟ್ರಿ ಗಾಯಕ 1927ರಷ್ಟು ಹಿಂದೆಯೇ ಬ್ಲೂಸ್ ಹಾಡಿ ಹೆಸರು ಮಾಡಿದ್ದ.

ಅಜ್ಜನ ಟ್ರಂಕಿನಾಗ ಹಳೇ 78 ರೆಕಾರ್ಡು, ಮ್ಯಾಲೆ ಎಲ್ವಿಸ್‌ನ ಎರಡು ಎಲ್ಪಿ ಸಿಕ್ಕಾವ. ಧೂಳ ಭಾಳ ಅದ. ಎಲ್ಪಿಯೊಳಗ ದನಿ ಎರಡೂ ಕಿವಿಗಿ ಬ್ಯಾರೆ ಬ್ಯಾರೆ ಬರ್ತದ.
ಗೃಹಿಣಿ, ಶಹಾಬಾದ

ಮೊದಲು ಧೂಳು. 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ರೆಕಾರ್ಡು ಅರಗಿನದಾದರೆ ಸ್ಪಿರಿಟ್, ಸ್ಯಾನಿಟೈಸರ್ ಮುಟ್ಟಿಸಲೇಬೇಡಿ, ಅರಗು ಕರಗಿ ದನಿ ಕೊರೆದ ಗೀರೇ ಅಳಿಸಿಹೋಗುತ್ತದೆ. ನಿಮ್ಮೂರಿನ ಕಲ್ಲಿನ ಧೂಳು ಗರಗರ ಇರುವಂಥದ್ದು, ಒಣಬಟ್ಟೆಯಲ್ಲಿ ಉಜ್ಜಿದರೆ ಗೆರೆ ಬೀಳುತ್ತದೆ. ಮೊದಲು ಮೆತ್ತನೆಯ ಬ್ರಶ್ಶಿನಿಂದ ಕೊಡವಿ. ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಬಟ್ಟೆ ಹಿಂಡಿ, ಗೀರಿನ ಗುಂಟ ಸುತ್ತು ಒರೆಸಿ. ನಡುವಿನ ಕಾಗದ ನೆನೆಯಬಾರದು. 78ಕ್ಕೆ ಸೂಜಿ ಬೇರೆಯೇ ಬೇಕು: ತುದಿಯ ಅಳತೆ ಇಂಚಿನ ಸಾವಿರ ಭಾಗದಲ್ಲಿ 3 ಭಾಗ, ಎಲ್ಪಿಗೆ ಒಂದು ಭಾಗಕ್ಕಿಂತ ಕಡಿಮೆ. ಎಲ್ಪಿ ಸೂಜಿ 78ರ ಗೀರಿನ ತಳಕ್ಕೆ ಹೋಗಿ ಕಸವನ್ನಷ್ಟೇ ಓದುತ್ತದೆ. ಎಲ್ಪಿಗಳನ್ನು ನಿಲ್ಲಿಸಿ ಇಡಿ, ತಗಡಿನ ಮಾಳಿಗೆಯ ಕೆಳಗೆ ಬೇಡ. ನಮ್ಮ ಮೇ ತಿಂಗಳಿಗೆ ಅವು ಹಪ್ಪಳವಾಗುತ್ತವೆ.

ದನಿ ಒಡೆದು ಬರುವುದು ಎಲ್ಪಿ ಹೊರತಂದ ಕಂಪನಿಯ ಕೆಲಸ. ಎಲ್ವಿಸ್‌ನ ಸನ್ ರೆಕಾರ್ಡಿಂಗ್ ಎಲ್ಲವೂ ಮೋನೊ, ಅಂದರೆ ಎರಡೂ ಕಿವಿಗೆ ಒಂದೇ ದನಿ. ಅರವತ್ತರ ದಶಕದಲ್ಲಿ ಹಳೆಯ ಎಲ್ಪಿಗಳನ್ನು ಸ್ಟೀರಿಯೊ ಎಂದು ಮಾರಲು ಕೆಳಸ್ವರ ಒಂದು ಕಡೆಗೆ, ಮೇಲುಸ್ವರ ಇನ್ನೊಂದು ಕಡೆಗೆ ತಳ್ಳಿ ಅಚ್ಚು ಹಾಕಿದರು. ಆಂಪ್ಲಿಫಯರಿನ ಮೋನೊ ಗುಂಡಿ ಒತ್ತಿ, ಬಹಳಷ್ಟು ಸರಿಹೋಗುತ್ತದೆ.

1955ರ ನಂತರ ಎಲ್ವಿಸ್‌ನಲ್ಲಿ ಕೇಳುವಂಥದ್ದು ಏನಿದೆ? ಕಂಟ್ರಿ ಹೆಚ್ಚೋ, ಬ್ಲೂಸ್ ಹೆಚ್ಚೋ?
ನಿವೃತ್ತ ಬ್ಯಾಂಕ್ ನೌಕರ, ಹುಮನಾಬಾದ್

ಮೂರು ಆಯ್ಕೆ ಕೊಡುತ್ತೇವೆ. ಬ್ಲೂಸಿಗೆ 'ರಿಕನ್ಸಿಡರ್ ಬೇಬಿ', 1960ರ ಏಪ್ರಿಲ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಮಾಡಿದ್ದು. ಲೋವೆಲ್ ಫುಲ್ಸನ್ 1954ರಲ್ಲಿ ಹಾಡಿದ ಬ್ಲೂಸ್. ಎಲ್ವಿಸ್ ಇಲ್ಲಿ ಅವಸರ ಮಾಡುವುದಿಲ್ಲ, ಬೂಟ್ಸ್ ರ‍್ಯಾಂಡಾಲ್ಫ್ ಸ್ಯಾಕ್ಸೊಫೋನಿಗೆ ಜಾಗ ಬಿಟ್ಟು ತಾನು ಗಿಟಾರ್ ಬಡಿಯುತ್ತ ಕೂರುತ್ತಾನೆ. ಬ್ಲೂಸನ್ನು ವೇಗ ಮಾಡದೆ, ಹಗುರ ಮಾಡದೆ ಅದರ ಮನೆಯಲ್ಲೇ ಹಾಡಿದ ಅಪರೂಪದ ಸಂದರ್ಭ.

ಎರಡರ ನಡುವಿನದಕ್ಕೆ 1969ರ 'ಫ್ರಮ್ ಎಲ್ವಿಸ್ ಇನ್ ಮೆಂಫಿಸ್' ಎಲ್ಪಿಯ 'ಐಯಾಮ್ ಮೂವಿನ್ ಆನ್'. ಹ್ಯಾಂಕ್ ಸ್ನೋ 1950ರಲ್ಲಿ ಹಾಡಿ 21 ವಾರ ಕಂಟ್ರಿ ಪಟ್ಟಿಯ ತುದಿಯಲ್ಲಿದ್ದ ಹಾಡು. ಎಣಿಸಿ ನೋಡಿ, 12 ಬಾರ್ ಬ್ಲೂಸ್! ಎಲ್ವಿಸ್ ಅದನ್ನು ಕಂಟ್ರಿ ಥರ ಎತ್ತಿಕೊಂಡು, ನಡುವೆ ತುತ್ತೂರಿಗಳು ಸೇರಿ ಮೆಂಫಿಸ್ಸಿನ ಸೋಲ್ ಸಂಗೀತಕ್ಕೆ ಹೊರಳುತ್ತಾನೆ.

ಕಂಟ್ರಿಗೆ 1971ರ ಜನವರಿಯಲ್ಲಿ ಬಂದ 'ಎಲ್ವಿಸ್ ಕಂಟ್ರಿ', 12 ಹಾಡು. ಹಾಡು ಹಾಡಿನ ನಡುವೆ ಇನ್ನೊಂದು ಹಾಡಿನ ತುಂಡು ತೂರಿಸಿದ್ದಾರೆ, ಅದು ಕಿರಿಕಿರಿ. ಬಿಡಿ, ಹಾಡಿಕೆ ಗಟ್ಟಿ. 'ಫನ್ನಿ ಹೌ ಟೈಮ್ ಸ್ಲಿಪ್ಸ್ ಅವೇ' ಕೇಳಿ, ಕಂಟ್ರಿ ಹಾಡನ್ನು ಪೂರ್ತಿ ಬ್ಲೂಸ್ ಗಂಟಲಲ್ಲಿ ಎಳೆದಿದ್ದಾನೆ. ಲೆಕ್ಕ ಕೇಳಿದಿರಾದ್ದರಿಂದ: ಎಪ್ಪತ್ತರ ದಶಕದಲ್ಲಿ ಕಂಟ್ರಿಯದೇ ಮೇಲುಗೈ.

ಒಂದೇ ಹಾಡನ್ನು ಎರಡೂ ರೀತಿ ಹಾಡಿದ್ದು ಸಿಗುತ್ತದೆಯೇ? ಮಕ್ಕಳಿಗೆ ತೋರಿಸಬೇಕು.
ಶಿಕ್ಷಕ, ಚಿತ್ತಾಪುರ

ಸಿಗುತ್ತದೆ. ನಾಲ್ಕನೆಯ ರೆಕಾರ್ಡಿನ ಕಂಟ್ರಿ ಮಗ್ಗಲು 'ಐಯಾಮ್ ಲೆಫ್ಟ್, ಯು ಆರ್ ರೈಟ್, ಶೀ ಈಸ್ ಗಾನ್' ಡ್ರಮ್ಸ್ ಸಹಿತ, ಜಿಗಿಯುವ ನಡೆ. ಅದಕ್ಕೆ ಮುಂಚೆ ಅದೇ ಹಾಡನ್ನು ಡ್ರಮ್ಸ್ ಇಲ್ಲದೆ, ನಿಧಾನವಾಗಿ, ಬ್ಲೂಸ್ ಆಗಿ ಹಾಡಿಟ್ಟಿದ್ದರು. ಸನ್ ಕಾಲದ ಸಂಗ್ರಹಗಳಲ್ಲಿ 'ಮೈ ಬೇಬಿ ಈಸ್ ಗಾನ್' ಎಂಬ ಹೆಸರಲ್ಲೂ ಇದೆ. ಮಕ್ಕಳಿಗೆ ಮೊದಲು ನಿಧಾನದ್ದನ್ನು ಕೇಳಿಸಿ, ಗಾಂಧಾರ ಎಲ್ಲಿ ಜಾರುತ್ತದೆ ಎಂದು ಕೈ ಎತ್ತಲು ಹೇಳಿ. ಆಮೇಲೆ ಎರಡನೆಯದನ್ನು ಹಾಕಿ. ಎಷ್ಟು ಕೈ ಎದ್ದವು ಎಣಿಸಿಕೊಳ್ಳಿ.

ಆ ನಿಧಾನದ ಬ್ಲೂಸಿನಲ್ಲಿ ಗಿಟಾರ್ ಉದ್ದಕ್ಕೂ ನುಡಿಸುವ ತುಣುಕು ಮಾತ್ರ ಡೆಲ್ಮೋರ್ ಸಹೋದರರ 1949ರ 'ಬ್ಲೂಸ್ ಸ್ಟೇ ಅವೇ ಫ್ರಮ್ ಮಿ' ಹಾಡಿನದು. ಆ ಸಹೋದರರು ಕಂಟ್ರಿ ಗಾಯಕರು. ಅವರ ಜೊತೆ ಆ ಹಾಡು ಕಟ್ಟಿದವರಲ್ಲಿ ಒಬ್ಬರು, ಹೆನ್ರಿ ಗ್ಲೋವರ್, ರಿದಂ ಅಂಡ್ ಬ್ಲೂಸ್ ರೆಕಾರ್ಡುಗಳನ್ನು ಮಾಡಿಸುತ್ತಿದ್ದ ಕಪ್ಪು ಸಂಗೀತಗಾರ.